ಬ್ಯಾಕ್‌ಲಿಂಕ್ 61, ನಿಜವಾಗಿ ಬಂದ ಎಲೆ ಎಷ್ಟು? ಅಬ್ಸಿಡಿಯನ್‌ನಲ್ಲಿ ಟ್ಯಾರೋ ಲೆಕ್ಕ ತಾಳೆಯಾಗುತ್ತಿಲ್ಲ

ಹತ್ತನೇಮನೆ:

ನಮಸ್ಕಾರ. ಟಿಪ್ಪಣಿ ಬರೆಯುವ ಅಬ್ಸಿಡಿಯನ್ ಆ್ಯಪ್‌ನಲ್ಲಿ ನನ್ನ ಟ್ಯಾರೋ ಲೆಕ್ಕ ಇಟ್ಟಿದ್ದೇನೆ. 78 ಕಾರ್ಡ್‌ಗೂ (ಎಲೆಗೂ) ಒಂದೊಂದು ನೋಟ್, ಪ್ರತಿ ರೀಡಿಂಗ್‌ಗೂ (ಎಲೆ ಹಾಕಿ ಓದಿದ್ದಕ್ಕೂ) ಒಂದು ನೋಟ್ ಇರುವ ವಾಲ್ಟ್ (ನೋಟ್‌ಗಳ ಫೋಲ್ಡರ್) ಇದು. ಬಂದ ಎಲೆಗಳ ಹೆಸರನ್ನು ರೀಡಿಂಗ್ ನೋಟ್‌ನಲ್ಲಿ ಜೋಡಿ ಚೌಕ ಕಂಸ ಹಾಕಿ ಲಿಂಕ್ ಮಾಡಿದೆ. ಉಲ್ಟಾ ಎಲೆ ಇದ್ದರೆ ನೋಟ್‌ಗೆ ‘ಉಲ್ಟಾ’ ಅನ್ನುವ ಟ್ಯಾಗ್. ಒಟ್ಟು 46 ಕೆಲ್ಟಿಕ್ ಕ್ರಾಸ್ (ಹತ್ತು ಎಲೆಯ ಸ್ಪ್ರೆಡ್, ಅಂದರೆ ಎಲೆ ಹರಡುವ ಕ್ರಮ), 120 ಮೂರೆಲೆ ಸ್ಪ್ರೆಡ್.

ತೊಂದರೆ ಮೂರು. ಡೆತ್ ಕಾರ್ಡ್‌ನ ಬ್ಯಾಕ್‌ಲಿಂಕ್ (ಆ ನೋಟ್‌ಗೆ ಬಂದಿರುವ ಲಿಂಕ್‌ಗಳ ಎಣಿಕೆ) 61 ತೋರಿಸುತ್ತಿದೆ, ಅಷ್ಟು ಸಲ ಖಂಡಿತ ಬಂದಿಲ್ಲ. ಯಾವ ಎಲೆ ಎಷ್ಟು ಸಲ ಉಲ್ಟಾ ಬಂತು ಅಂತ ತಿಳಿಯುತ್ತಿಲ್ಲ. ಏಸ್ ಆಫ್ ಕಪ್ಸ್ ಹೆಸರಿನ ನೋಟ್ ಎರಡು ಕಾಣುತ್ತಿವೆ, ಕಾಗುಣಿತ ನೋಡಿದರೆ ಎರಡೂ ಒಂದೇ. ನೋಟ್‌ಗಳಿಂದ ಪಟ್ಟಿ, ಎಣಿಕೆ ತೆಗೆಯುವ ಡೇಟಾವ್ಯೂ ಪ್ಲಗಿನ್ ಹಾಕಿದೆ, ಕ್ವೆರಿ (ಅದಕ್ಕೆ ಕೊಡುವ ಆಜ್ಞೆ) ಬರೆಯುವುದು ಅಷ್ಟಾಗಿ ಗೊತ್ತಿಲ್ಲ.

ಅಂಕಿಗಣ್ಣು:

ಬ್ಯಾಕ್‌ಲಿಂಕ್ ಸುಳ್ಳು ಹೇಳುತ್ತಿಲ್ಲ. ನೀವು ಕೇಳದೇ ಇರುವ ಪ್ರಶ್ನೆಗೆ ಉತ್ತರ ಕೊಡುತ್ತಿದೆ, ಅಷ್ಟೇ. ಆ ನೋಟ್‌ಗೆ ಎಲ್ಲಿಂದ ಲಿಂಕ್ ಬಂದರೂ ಅದು ಎಣಿಸುತ್ತದೆ. ಟವರ್ ನೋಟ್‌ನಲ್ಲಿ ‘ಡೆತ್ ಜೊತೆ ಹೋಲಿಸಿ’ ಎಂದು ಬರೆದಿದ್ದರೆ ಒಂದು, 22 ಮೇಜರ್‌ಗಳ (ಡೆತ್, ಟವರ್‌ನಂಥ ಮುಖ್ಯ ಎಲೆಗಳ) ಪಟ್ಟಿಯಲ್ಲಿ ಒಂದು, ಟೆಂಪ್ಲೇಟ್‌ನಲ್ಲಿ ಮಾದರಿಗೆಂದು ಹಾಕಿದ್ದರೆ ಇನ್ನೊಂದು. ಒಂದೇ ರೀಡಿಂಗ್‌ನ ವ್ಯಾಖ್ಯಾನದಲ್ಲಿ ಡೆತ್ ಹೆಸರಿಗೆ ಮೂರು ಕಡೆ ಲಿಂಕ್ ಕೊಟ್ಟಿದ್ದರೆ ಮತ್ತೆ ಮೂರು. ‘ಎಲೆ ಬಂತು’ ಮತ್ತು ‘ಎಲೆಯ ಮಾತು ಬಂತು’ ಇವೆರಡನ್ನೂ ಒಂದೇ ಗುರುತಿನಲ್ಲಿ ಬರೆದಿದ್ದೀರಿ, ಬೇರೆ ಮಾಡಬೇಕು.

ಟ್ಯಾಗ್‌ನ ತಪ್ಪೂ ಇದೇ ಜಾತಿಯದು. ಟ್ಯಾಗ್ ಅಂಟುವುದು ಇಡೀ ನೋಟ್‌ಗೆ. ಹತ್ತು ಎಲೆಗಳಲ್ಲಿ ತಲೆಕೆಳಗಾದದ್ದು ಯಾವುದು ಅನ್ನುವುದು ಅದರಲ್ಲಿ ಉಳಿಯುವುದಿಲ್ಲ.

ಪರಿಹಾರ: ರೀಡಿಂಗ್ ನೋಟ್‌ನ ಮೇಲ್ಭಾಗದಲ್ಲಿ ಎಲೆಗೊಂದು ಸಾಲಿನಂತೆ ಪಟ್ಟಿ ಮಾಡಿ. ಪ್ರತಿ ಸಾಲು ಅಡ್ಡಗೆರೆಯಿಂದ ಶುರು. ಸಾಲಿನೊಳಗೆ ಮೂರು ಇನ್‌ಲೈನ್ ಫೀಲ್ಡ್ (ಡೇಟಾವ್ಯೂ ಓದಬಲ್ಲ ಹೆಸರು ಮತ್ತು ಮೌಲ್ಯದ ಜೋಡಿ): ಸ್ಥಾನಕ್ಕೆ ‘ಪಾಸ್’, ಎಲೆಗೆ ‘ಕಾರ್ಡ್’, ಉಲ್ಟಾಗೆ ‘ರೆವ್’. ಫೀಲ್ಡ್ ಹೆಸರಿನ ಮುಂದೆ ಎರಡು ಕೋಲನ್, ಆಮೇಲೆ ಮೌಲ್ಯ, ಇಡೀ ಜೋಡಿಯ ಸುತ್ತ ಒಂದು ಚೌಕ ಕಂಸ. ಫೀಲ್ಡ್ ಹೆಸರುಗಳನ್ನು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ ಇಡಿ. ಮೌಲ್ಯ ಕನ್ನಡದಲ್ಲೇ ಇರಲಿ. ಕೆಳಗಿನ ವ್ಯಾಖ್ಯಾನದಲ್ಲಿ ಎಷ್ಟು ಲಿಂಕ್ ಬೇಕಾದರೂ ಹಾಕಿ, ಈ ಮೂರು ಫೀಲ್ಡ್ ಇಲ್ಲದ ಸಾಲು ಲೆಕ್ಕಕ್ಕೆ ಸೇರುವುದಿಲ್ಲ.

ಕ್ವೆರಿಯ ಕ್ರಮ ಹೀಗಿರಲಿ: ‘ಫ್ರಂ’ನಲ್ಲಿ ರೀಡಿಂಗ್ ಫೋಲ್ಡರ್ ಒಂದೇ. ನಂತರ ನೋಟ್‌ನ ಪಟ್ಟಿ ಸಾಲುಗಳನ್ನು ‘ಫ್ಲಾಟನ್’ ಮಾಡಿ, ಅಂದರೆ ಒಂದೊಂದನ್ನೂ ಬೇರೆ ಸಾಲಾಗಿ ಬಿಡಿಸಿ. ನಂತರ ‘ವೇರ್’ನಲ್ಲಿ ಕಾರ್ಡ್ ಫೀಲ್ಡ್ ಇರುವ ಸಾಲು ಮಾತ್ರ. ಕೊನೆಗೆ ಕಾರ್ಡ್ ಪ್ರಕಾರ ‘ಗ್ರೂಪ್ ಬೈ’, ಎಣಿಕೆಗೆ ‘ರೋಸ್’ನ (ಗುಂಪಿನ ಸಾಲುಗಳ) ಉದ್ದ. ಡೇಟಾವ್ಯೂ ಈ ಆಜ್ಞೆಗಳನ್ನು ಬರೆದ ಕ್ರಮದಲ್ಲೇ ಓಡಿಸುತ್ತದೆ. ಗುಂಪು ಮಾಡಿದ ಮೇಲೆ ಫ್ಲಾಟನ್ ಬರೆದರೆ ಖಾಲಿ ಟೇಬಲ್ ಬರುತ್ತದೆ, ಹೆಚ್ಚಿನವರು ಜಾರುವುದು ಅಲ್ಲೇ. ಅಬ್ಸಿಡಿಯನ್‌ನದ್ದೇ ಆದ ಬೇಸಸ್ ನೋಡಲು ಚೆಂದ, ಆದರೆ ಅದರಲ್ಲಿ ಒಂದು ಫೈಲ್ ಅಂದರೆ ಒಂದು ಸಾಲು. ನೋಟ್‌ನ ಒಳಗಿನ ಪಟ್ಟಿಯನ್ನು ಎಣಿಸಲು ಅದು ಸಾಲದು.

ಸ್ಪಷ್ಟತೆಗೆಂದು ಆಮೇಲೆ ತೆಗೆದ ಕ್ಲಾರಿಫೈಯರ್ ಎಲೆಗಳು, ಕಲೆಸುವಾಗ ತಾನಾಗಿ ಹಾರಿಬಿದ್ದ ಎಲೆಗಳು ಇದ್ದರೆ ಅವಕ್ಕೂ ಸಾಲು ಕೊಡಿ, ಪಾಸ್‌ನಲ್ಲಿ ಅಂಕಿಯ ಬದಲು ‘ಹೆಚ್ಚುವರಿ’ ಎಂದಿರಲಿ. ಇಲ್ಲದಿದ್ದರೆ ಆರು ತಿಂಗಳ ನಂತರ ಕೆಲ್ಟಿಕ್ ಕ್ರಾಸ್‌ನಲ್ಲಿ 12 ಎಲೆ ಹೇಗೆ ಬಂದವು ಅಂತ ನಿಮಗೇ ಗೊತ್ತಾಗುವುದಿಲ್ಲ.

ಉಲ್ಟಾಎಲೆ:

ಎರಡು ಏಸ್ ಆಫ್ ಕಪ್ಸ್ ಇರುವುದಕ್ಕೆ ಕಾರಣ ಬಹುಮಟ್ಟಿಗೆ ಕಣ್ಣಿಗೆ ಕಾಣದ ಅಕ್ಷರ. ಕನ್ನಡದಲ್ಲಿ ಒತ್ತಕ್ಷರ ಆಗದಂತೆ ತಡೆಯಲು ಝಡ್‌ಡಬ್ಲ್ಯೂಎನ್‌ಜೆ ಬರುತ್ತದೆ, ಯುನಿಕೋಡ್ ಸಂಖ್ಯೆ 200ಸಿ. ಕೆಲವು ಕೀಬೋರ್ಡ್‌ಗಳು ‘ಏಸ್’ ಥರ ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೂ ಅದನ್ನು ಸೇರಿಸಿಬಿಡುತ್ತವೆ. ನಮ್ಮ ಕಣ್ಣಿಗೆ ಒಂದೇ ಹೆಸರು, ಸಾಫ್ಟ್‌ವೇರ್‌ಗೆ ಎರಡು. ಫೋನಿನಲ್ಲಿ ಟೈಪ್ ಮಾಡಿದ ಲಿಂಕ್‌ಗೆ ನೋಟ್ ಸಿಗದೆ ಮಂಕು ಬಣ್ಣದಲ್ಲಿ ಕಂಡಿರುತ್ತದೆ, ಅದನ್ನು ಒತ್ತಿದ ಕೂಡಲೇ ಹೊಸ ಖಾಲಿ ನೋಟ್ ಹುಟ್ಟಿದೆ.

ವಾಲ್ಟ್‌ನ ಪ್ರತಿ ಇಟ್ಟುಕೊಂಡು, ರೆಜೆಕ್ಸ್ ಹುಡುಕಾಟ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವುದು) ಇರುವ ಎಡಿಟರ್‌ನಲ್ಲಿ ಫೋಲ್ಡರ್ ತೆರೆಯಿರಿ. 200ಸಿ ಅಕ್ಷರದ ಮುಂದೆ ಜಾಗ ಅಥವಾ ಮುಚ್ಚುವ ಚೌಕ ಕಂಸ ಬರುವ ಕಡೆ ಮಾತ್ರ ಅಳಿಸಿ. ಎಲ್ಲ ಕಡೆಯೂ ಒಟ್ಟಿಗೆ ಅಳಿಸಬೇಡಿ, ‘ಬ್ಯಾಕ್‌ಲಿಂಕ್’ ಹೋಗಿ ‘ಬ್ಯಾಕ್ಲಿಂಕ್’ ಆಗುತ್ತದೆ, ನೋಟ್ಸ್ ಪೂರ್ತಿ ಒತ್ತಕ್ಷರಗಳ ಜಾತ್ರೆ. ಲಿಂಕ್‌ಗಳು ಸರಿಯಾದ ಮೇಲೆ ಖಾಲಿ ನೋಟ್ ತೆಗೆಯಿರಿ.

ಮತ್ತೆ ಹೀಗಾಗದಿರಲು ಫೈಲ್ ಹೆಸರನ್ನು ಇಂಗ್ಲಿಷ್ ಅಕ್ಷರದ ಗಿಡ್ಡ ಸಂಕೇತಕ್ಕೆ ಬದಲಿಸಿ: ನಾಲ್ಕು ಪಂಗಡಗಳಲ್ಲಿ ಕಪ್ಸ್‌ಗೆ ಸಿ01ರಿಂದ ಸಿ14, ಸೋರ್ಡ್ಸ್‌ಗೆ ಎಸ್, ವಾಂಡ್ಸ್‌ಗೆ ಡಬ್ಲ್ಯೂ, ಪೆಂಟಕಲ್ಸ್‌ಗೆ ಪಿ, ಮೇಜರ್‌ಗೆ ಎಂ00ರಿಂದ ಎಂ21. ಕನ್ನಡ ಹೆಸರುಗಳು ‘ಅಲಿಯಾಸಸ್’ (ಪರ್ಯಾಯ ಹೆಸರು) ಪ್ರಾಪರ್ಟಿಯಲ್ಲಿ, ಅಂದರೆ ನೋಟ್‌ನ ತಲೆಯಲ್ಲಿರುವ ವಿವರದಲ್ಲಿರಲಿ. ಲಿಂಕ್ ಹಾಕುವಾಗ ‘ಡೆತ್’ ಎಂದು ಟೈಪ್ ಮಾಡಿ ಪಟ್ಟಿಯಿಂದ ಆರಿಸಿದರೆ ಒಳಗೆ ಸಂಕೇತ, ಹೊರಗೆ ಕನ್ನಡ. ಹೆಸರು ಬದಲಿಸುವುದನ್ನು ಅಬ್ಸಿಡಿಯನ್ ಒಳಗೇ ಮಾಡಿ, ಆಗ ಹಳೆಯ ಲಿಂಕ್‌ಗಳೂ ಬದಲಾಗುತ್ತವೆ. ಫೈಲ್ ಮ್ಯಾನೇಜರ್‌ನಲ್ಲಿ ಮಾಡಿದರೆ ಎಲ್ಲ ಲಿಂಕ್ ಕಡಿದುಹೋಗುತ್ತವೆ.

ಅಂಕಿಗಣ್ಣು:

ಮೇಲಿನದಕ್ಕೆ ಒಂದು ತಿದ್ದುಪಡಿ. ಮೇಜರ್‌ಗೆ ಅಂಕಿ ಸಂಕೇತ ಬೇಡ. 1909ರ ರೈಡರ್ ವೇಟ್ ಸ್ಮಿತ್ ಡೆಕ್‌ನಲ್ಲಿ (ಎಲೆಕಟ್ಟಿನಲ್ಲಿ) 8 ಸ್ಟ್ರೆಂತ್, 11 ಜಸ್ಟಿಸ್. ಮಾರ್ಸೆಯ್ ಸಂಪ್ರದಾಯದಲ್ಲಿ 8 ಜಸ್ಟಿಸ್, 11 ಸ್ಟ್ರೆಂತ್. ಥೋತ್ ಡೆಕ್‌ನಲ್ಲಿ 8ಕ್ಕೆ ಅಡ್ಜಸ್ಟ್‌ಮೆಂಟ್, 11ಕ್ಕೆ ಲಸ್ಟ್ ಅಂತಲೇ ಹೆಸರು. ಎಂ08 ಎಂದು ಬರೆದಿಟ್ಟು ಎರಡನೇ ಡೆಕ್ ಕೊಂಡ ದಿನ ನ್ಯಾಯಕ್ಕೂ ಬಲಕ್ಕೂ ಲೆಕ್ಕ ಕಲಸಿಹೋಗುತ್ತದೆ. ಮೇಜರ್‌ಗಳಿಗೆ ಹೆಸರಿನ ಗಿಡ್ಡ ರೂಪವೇ ಇರಲಿ, ಡೆಕ್‌ನ ಅಂಕಿ ನೋಟ್‌ನ ಒಳಗೆ ಇರಲಿ.

ಕೋರ್ಟ್ ಕಾರ್ಡ್‌ಗಳಲ್ಲೂ (ರಾಜ, ರಾಣಿ ಥರದ ಎಲೆಗಳಲ್ಲೂ) ಇದೇ ಪಜೀತಿ. ಥೋತ್‌ನಲ್ಲಿ ಕಿಂಗ್ ಇಲ್ಲ: ನೈಟ್, ಕ್ವೀನ್, ಪ್ರಿನ್ಸ್, ಪ್ರಿನ್ಸೆಸ್. ಅಲ್ಲಿನ ನೈಟ್, ರೈಡರ್ ಡೆಕ್‌ನ ನೈಟ್ ಅಲ್ಲ. ಹೆಸರು ಒಂದೇ ಎಂದು ಒಂದೇ ನೋಟ್‌ಗೆ ಕಟ್ಟಬೇಡಿ. ಥೋತ್‌ನ 16 ಕೋರ್ಟ್ ಕಾರ್ಡ್‌ಗೆ ಬೇರೆ 16 ನೋಟ್ ಮಾಡುವುದೇ ಕ್ಷೇಮ. ರೀಡಿಂಗ್‌ನ ಪ್ರಾಪರ್ಟೀಸ್‌ನಲ್ಲಿ ‘ಡೆಕ್’ ಕಡ್ಡಾಯ.

ಹತ್ತನೇಮನೆ:

ಎಲ್ಲ ಸಾಲುಗಳನ್ನೂ ಹೊಸ ರೂಪಕ್ಕೆ ತಂದೆ. ಏಸ್ ಒಂದೇ ಆಯಿತು. ‘ವೇರ್’ನಲ್ಲಿ ಡೆಕ್ ಕೂಡ ಹಾಕಿದೆ, ಇರುವುದು ಒಂದೇ ಡೆಕ್. ಡೆತ್ 9 ಬಂತು. ಆದರೆ ಹೆಚ್ಚುವರಿ ಬಿಟ್ಟು ಒಟ್ಟು ಕೂಡಿದರೆ 820 ಇರಬೇಕಾದ್ದು 790 ಇದೆ. ಇನ್ನೊಂದು ಅನುಮಾನ: ಒಂದು ಎಲೆ 16 ಸಲ, ಇನ್ನೊಂದು 5 ಸಲ. ಇದೂ ಬರೆಯುವಾಗಿನ ತಪ್ಪೇ?

ಅಂಕಿಗಣ್ಣು:

ಕೊರತೆ 30 ಅಂದರೆ ಹುಡುಕುವುದು ಸುಲಭ. ಒಂದೋ ಎರಡೋ ಕಡಿಮೆ ಇದ್ದರೆ ಯಾವುದೋ ಸಾಲಿನಲ್ಲಿ ಅಡ್ಡಗೆರೆ ಅಥವಾ ಒಂದು ಕೋಲನ್ ಬಿಟ್ಟುಹೋಗಿರುತ್ತದೆ. ಹತ್ತರ ಲೆಕ್ಕದಲ್ಲಿ ಕಡಿಮೆ ಇದ್ದರೆ ಇಡೀ ನೋಟ್‌ಗಳೇ ಬಿದ್ದುಹೋಗಿವೆ. ನಿಮ್ಮಲ್ಲಿ ಬಹುಶಃ ಮೂರು ಕೆಲ್ಟಿಕ್ ಕ್ರಾಸ್. ಡೆಕ್ ಷರತ್ತು ಹಾಕಿದ್ದರಿಂದ, ಪ್ರಾಪರ್ಟೀಸ್ ಕೆಟ್ಟ ನೋಟ್‌ಗಳಿಗೆ ಡೆಕ್ ಇಲ್ಲವೆಂದೇ ಲೆಕ್ಕ, ಅವು ಹೊರಗೆ.

ಪ್ರಾಪರ್ಟೀಸ್ ಕೆಡುವುದು ಸಾಮಾನ್ಯವಾಗಿ ಪ್ರಶ್ನೆ ಬರೆಯುವ ಜಾಗದಲ್ಲಿ. ‘ಕೆಲಸ: ಬಿಡಲೇ, ಇರಲೇ’ ಎಂದು ಹಾಗೇ ಬರೆದರೆ ಕೋಲನ್ ಮತ್ತು ಅದರ ಮುಂದಿನ ಜಾಗವನ್ನು ವೈಎಎಂಎಲ್ (ಪ್ರಾಪರ್ಟೀಸ್ ಬರೆಯುವ ರೂಪ) ಹೊಸ ಕೀಲಿ, ಅಂದರೆ ಇನ್ನೊಂದು ಪ್ರಾಪರ್ಟಿಯ ಹೆಸರು ಎಂದು ತಿಳಿಯುತ್ತದೆ. ಪ್ರಶ್ನೆಯನ್ನು ಉದ್ಧರಣ ಚಿಹ್ನೆಯೊಳಗೆ ಇಡಿ. ಸಾಲು ಒಳಸರಿಸಲು ಟ್ಯಾಬ್ ಒತ್ತಿದ್ದರೂ ಕೆಡುತ್ತದೆ, ಸ್ಪೇಸ್ ಮಾತ್ರ ನಡೆಯುತ್ತದೆ. ಪ್ರಾಪರ್ಟಿಯೊಳಗೆ ಲಿಂಕ್ ಹಾಕಿದ್ದರೆ ಅದಕ್ಕೂ ಉದ್ಧರಣ ಚಿಹ್ನೆ ಬೇಕು. ಡೆಕ್ ಇಲ್ಲದ ನೋಟ್‌ಗಳನ್ನಷ್ಟೇ ತೋರಿಸುವ ಕ್ವೆರಿ ಓಡಿಸಿ, ಆ ಮೂರೂ ಸಿಗುತ್ತವೆ.

16 ಮತ್ತು 5ರ ವಿಷಯ: 820 ಎಲೆಯನ್ನು 78ರಿಂದ ಭಾಗಿಸಿದರೆ ಸರಾಸರಿ 10.5. ನಿಮ್ಮ ಸ್ಪ್ರೆಡ್‌ಗಳಿಗೆ ಪ್ರಮಾಣ ವಿಚಲನೆ (ಸರಾಸರಿಯಿಂದ ಸಾಮಾನ್ಯವಾಗಿ ಆಗುವ ಏರಿಳಿತ) ಸುಮಾರು 3.1. ಅಂದರೆ 5ರಿಂದ 16ರವರೆಗೆ ಬರುವುದು ಬರೀ ಕಲೆಸಿದ ಫಲ, 78 ಎಲೆಗಳಲ್ಲಿ ಮೂರ್ನಾಲ್ಕು ಅದರಿಂದ ಆಚೆ ಹೋದರೂ ಸಹಜವೇ. ದಿನಕ್ಕೊಂದು ಎಲೆ ತೆಗೆಯುವವರಿಗೆ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ: 200 ದಿನವಾದರೂ ಸರಾಸರಿ ಆರು ಎಲೆ ಒಮ್ಮೆಯೂ ಮುಖ ತೋರಿಸಿರುವುದಿಲ್ಲ. ಮೂರೆಲೆಯಲ್ಲಿ ಕನಿಷ್ಠ ಒಂದು ಮೇಜರ್ ಬರುವ ಸಾಧ್ಯತೆ ಸುಮಾರು 64 ಶೇಕಡಾ, ಹಾಗಾಗಿ ‘ಮೇಜರ್ ಬಂತು’ ಎನ್ನುವುದಷ್ಟೇ ವಿಶೇಷ ಸಂಗತಿಯಲ್ಲ. ಎಣಿಕೆಯನ್ನು ಕಲೆಸುವಿಕೆ ಸರಿಯಿದೆಯೇ ನೋಡಲು ಬಳಸಿ, ಅರ್ಥ ಹುಡುಕಲು ಬೇಡ.

ಉಲ್ಟಾಎಲೆ:

ಅರ್ಥದ ಕೆಲಸಕ್ಕೆ ಬೇಕಾದದ್ದು ಎಣಿಕೆಯಲ್ಲ, ಮರುನೋಟ. ಪ್ರಾಪರ್ಟೀಸ್‌ನಲ್ಲಿ ‘ರಿವ್ಯೂ’ ಎಂಬ ದಿನಾಂಕ ಇಡಿ, ವರ್ಷ ತಿಂಗಳು ದಿನ ಕ್ರಮದಲ್ಲಿ. ಆ ದಿನ ದಾಟಿದ ನೋಟ್‌ಗಳ ಪಟ್ಟಿ ಹೋಮ್ ನೋಟ್‌ನಲ್ಲಿ ತಾನೇ ಬರಲಿ. ಮರುನೋಟದಲ್ಲಿ ಹಳೆಯ ವ್ಯಾಖ್ಯಾನದ ಒಂದು ಪದವನ್ನೂ ತಿದ್ದಬಾರದು. ಕೆಳಗೆ ದಿನಾಂಕ ಹಾಕಿ ‘ಆಗಿದ್ದು’ ಅಂತ ಬೇರೆ ಭಾಗ. ಮೇಲಿನದನ್ನು ತಿದ್ದಿದರೆ ಎಲ್ಲ ರೀಡಿಂಗೂ ಸರಿಯಾಗಿತ್ತು ಅನ್ನಿಸುತ್ತದೆ, ಕಲಿಯಲು ಏನೂ ಉಳಿಯುವುದಿಲ್ಲ.

ಕಾರ್ಡ್ ನೋಟ್‌ನಲ್ಲೂ ‘ಓದಿದ್ದು’ ಒಂದು ಭಾಗ, ‘ಕಂಡದ್ದು’ ಇನ್ನೊಂದು. ಎರಡನೆಯದರಲ್ಲಿ ಆ ಎಲೆ ಬಂದ ರೀಡಿಂಗ್‌ಗಳ ಕ್ವೆರಿ ಇರಲಿ, ಕೈಯಿಂದ ಬರೆಯಬೇಡಿ.

ಬೇರೆಯವರಿಗೆ ಓದುವವರು ಫೈಲ್ ಹೆಸರಿನಲ್ಲಿ ಅವರ ಹೆಸರು ಹಾಕಬಾರದು. ಮಾರ್ಕ್‌ಡೌನ್ ಫೈಲ್ ಡಿಸ್ಕ್‌ನಲ್ಲಿ ತೆರೆದ ಪುಸ್ತಕ, ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಇತ್ತೀಚಿನ ಫೈಲ್‌ಗಳ ಪಟ್ಟಿಯಲ್ಲಿ ಹೆಸರು ಎಲ್ಲರಿಗೂ ಕಾಣುತ್ತದೆ. ಸಂಕೇತ ಕೊಡಿ, ಸಂಕೇತದ ಪಟ್ಟಿ ವಾಲ್ಟ್‌ನ ಹೊರಗಿರಲಿ. ಸ್ಪ್ರೆಡ್‌ನ ಫೋಟೋವನ್ನು ಉದ್ದದ ಬದಿ 1200 ಪಿಕ್ಸೆಲ್‌ಗೆ ಇಳಿಸಿ, ಉಲ್ಟಾ ಯಾವುದೆಂದು ಗುರುತಿಸಲು ಅಷ್ಟು ಸಾಕು. ಒಂದೊಂದು 4 ಎಂಬಿ ಇದ್ದರೆ 166 ರೀಡಿಂಗ್‌ಗೇ 660 ಎಂಬಿ ದಾಟಿ, ಫೋನಿನ ಸಿಂಕ್ ತೆವಳತೊಡಗುತ್ತದೆ. ಫೋಟೋದೊಳಗಿನ ಸ್ಥಳದ ಮಾಹಿತಿಯನ್ನೂ ತೆಗೆದುಹಾಕಿ.

ಹತ್ತನೇಮನೆ:

820 ಬಂತು. ಮೂರೂ ಕೆಲ್ಟಿಕ್ ಕ್ರಾಸ್, ಮೂರರಲ್ಲೂ ಪ್ರಶ್ನೆಯ ನಡುವೆ ಕೋಲನ್. ಡೆತ್ ಈಗ 10, ಅದರಲ್ಲಿ ಉಲ್ಟಾ 4. ಟೆಂಪ್ಲೇಟ್‌ನಲ್ಲೇ ಪ್ರಶ್ನೆಗೆ ಉದ್ಧರಣ ಚಿಹ್ನೆ ಹಾಕಿಟ್ಟಿದೆ.