ಎ.ಎಚ್. ವಿಶ್ವನಾಥ್ ಮಂತ್ರಿಯಾಗೋದಕ್ಕೆ ಅಡ್ಡ ಬಂದದ್ದು ಯಾವ ನಿಯಮ?

ಲಕ್ಷ್ಮಣತೀರ್ಥ:
ವಿಶ್ವನಾಥ್ ಅವರ ರಾಜಕೀಯ ಹಾದಿಯನ್ನ ವರ್ಷವಾರು ಬರೆದಿಡ್ತಾ ಇದ್ದೀನಿ. ಕೃಷ್ಣರಾಜನಗರದಿಂದ 1978, 1989, 1999ರಲ್ಲಿ ಗೆಲುವು, ಎಸ್.ಎಂ. ಕೃಷ್ಣ ಸಂಪುಟದಲ್ಲಿ ಸಚಿವ, 2009ರಲ್ಲಿ ಮೈಸೂರಿನ ಸಂಸದ, 2017ರಲ್ಲಿ ಕಾಂಗ್ರೆಸ್ ಬಿಟ್ಟು ಜೆಡಿಎಸ್, 2018ರಲ್ಲಿ ಹುಣಸೂರು ಶಾಸಕ. ಇಲ್ಲಿವರೆಗೆ ಗೊಂದಲ ಇಲ್ಲ. ತಲೆಕೆಡೋದು ಆಮೇಲಿನದು. 2019ರಲ್ಲಿ ರಾಜೀನಾಮೆ, ಅನರ್ಹತೆ, ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತು ಸೋಲು, 2020ರಲ್ಲಿ ವಿಧಾನ ಪರಿಷತ್ ಸದಸ್ಯ. ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್ ಕೂಡ ಅನರ್ಹರಾಗಿ, ಸೋತು, ಪರಿಷತ್ತಿಗೆ ಬಂದವರೇ. ಅವರು 2021ರ ಜನವರಿಯಲ್ಲಿ ಮಂತ್ರಿಯಾದರು, ಇವರಿಗೆ ಕೋರ್ಟ್ ಆಗಲ್ಲ ಅಂತು. ಇಬ್ಬರ ಕಥೆಯಲ್ಲಿ ವ್ಯತ್ಯಾಸ ಎಲ್ಲಿದೆ? ರಾಜೀನಾಮೆ ಕೊಟ್ಟ ಮೇಲೂ ಅನರ್ಹತೆ ಹೇಗೆ ಅಂಟಿಕೊಳ್ತು ಅನ್ನೋದೂ ಗೊತ್ತಾಗಬೇಕು.

ಮಾವಿನಕಟ್ಟೆ:
ವಿಶ್ವನಾಥ್ ನಾಮನಿರ್ದೇಶಿತ ಸದಸ್ಯರು. ನಾಮನಿರ್ದೇಶನ ಆದವರು ಮಂತ್ರಿ ಆಗೋ ಹಾಗಿಲ್ಲ. ಅಷ್ಟೇ.

ಮೊಗಸಾಲೆ:
ಮಾವಿನಕಟ್ಟೆಯವರೇ, ಅಷ್ಟೇ ಅಲ್ಲ. 2020ರ ಜುಲೈನಲ್ಲಿ ವಿಶ್ವನಾಥ್ ಜೊತೆಯಲ್ಲೇ ಸಿ.ಪಿ. ಯೋಗೇಶ್ವರ್ ಕೂಡ ನಾಮನಿರ್ದೇಶನಗೊಂಡರು. ಅದೇ ಯೋಗೇಶ್ವರ್ 2021ರ ಜನವರಿ 13ರಂದು ಎಂ.ಟಿ.ಬಿ. ಜೊತೆಗೇ ಮಂತ್ರಿಯಾಗಿ ಪ್ರಮಾಣವಚನ ತಗೊಂಡರು. ನಾಮನಿರ್ದೇಶಿತರಿಗೆ ಮಂತ್ರಿ ಸ್ಥಾನ ಇಲ್ಲ ಅನ್ನೋ ನಿಯಮ ಇದ್ದಿದ್ದರೆ ಅವರಿಗೂ ಸಿಗ್ತಿರಲಿಲ್ಲ. ಯೋಗೇಶ್ವರ್ ಮೇಲೆ ಅನರ್ಹತೆ ಇರಲಿಲ್ಲ, ವಿಶ್ವನಾಥ್ ಮೇಲೆ ಇತ್ತು. ಎಂ.ಟಿ.ಬಿ. ಮೇಲೂ ಇತ್ತು, ಆದರೆ ಅವರು ಅದನ್ನ ಕಳಚಿಕೊಂಡರು. ಈ ಮೂವರನ್ನ ಅಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ತಾನಾಗಿ ಸಿಗುತ್ತೆ.

ಸಂವಿಧಾನದ 164ನೇ ವಿಧಿಗೆ 2003ರ 91ನೇ ತಿದ್ದುಪಡಿಯಲ್ಲಿ (1ಬಿ) ಅನ್ನೋ ಖಂಡ ಸೇರಿಸಿದರು. ಪಕ್ಷಾಂತರದಿಂದ ಅನರ್ಹನಾದ ಶಾಸಕ ಮಂತ್ರಿಯಾಗುವಂತಿಲ್ಲ ಅಂತ ಅದು ಹೇಳುತ್ತೆ. ಎಲ್ಲಿವರೆಗೆ? ಎರಡು ಗಡುವು ಕೊಟ್ಟಿದ್ದಾರೆ. ಒಂದು, ಆತ ಕಳಕೊಂಡ ಸದಸ್ಯತ್ವದ ಅವಧಿ ಮುಗಿಯೋವರೆಗೆ, ಅಂದರೆ ಇವರೆಲ್ಲರ ಲೆಕ್ಕದಲ್ಲಿ 2023ರ ಮೇ. ಇನ್ನೊಂದು, ಅದಕ್ಕೂ ಮುಂಚೆ ವಿಧಾನಸಭೆಗೋ ಪರಿಷತ್ತಿಗೋ ಚುನಾವಣೆಗೆ ನಿಂತು "ಚುನಾಯಿತನಾದನೆಂದು ಘೋಷಣೆಯಾಗುವ" ದಿನದವರೆಗೆ. ಯಾವುದು ಮೊದಲು ಬರುತ್ತೋ ಅದು.

ಪರಿಷತ್ತಿಗೆ ಹೋಗೋ ಬಾಗಿಲುಗಳನ್ನ ಈಗ ನೋಡಿ. ನಮ್ಮಲ್ಲಿ 75 ಸ್ಥಾನ: ಶಾಸಕರು ಆರಿಸೋದು 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರು 7, ಶಿಕ್ಷಕರು 7, ರಾಜ್ಯಪಾಲರ ನಾಮನಿರ್ದೇಶನ 11. ಎಂ.ಟಿ.ಬಿ. ಮತ್ತು ಅವರ ಹಾಗೇ ಅನರ್ಹರಾಗಿದ್ದ ಆರ್. ಶಂಕರ್ 2020ರ ಜೂನ್‌ನಲ್ಲಿ ಮೊದಲನೇ ಬಾಗಿಲಿನಿಂದ ಒಳಗೆ ಬಂದರು. ಏಳು ಸ್ಥಾನಕ್ಕೆ ಏಳೇ ಅಭ್ಯರ್ಥಿಗಳು ಉಳಿದಿದ್ದರಿಂದ ಮತದಾನ ನಡೆಯಲೇ ಇಲ್ಲ. ಆದರೂ ಅದು ಚುನಾವಣೆಯೇ: ಅಧಿಸೂಚನೆ, ನಾಮಪತ್ರ, ಪರಿಶೀಲನೆ, ವಾಪಸಾತಿ ಎಲ್ಲ ಮುಗಿದ ಮೇಲೆ ಚುನಾವಣಾಧಿಕಾರಿ ಅವರನ್ನ ಚುನಾಯಿತರು ಅಂತ ಘೋಷಿಸಿ ಪ್ರಮಾಣಪತ್ರ ಕೈಗೆ ಕೊಡ್ತಾರೆ. ಅವಿರೋಧ ಆಯ್ಕೆಗೂ ಈ ಘೋಷಣೆ ಇದೆ. ವಿಶ್ವನಾಥ್ ಬಂದದ್ದು ಕೊನೇ ಬಾಗಿಲಿನಿಂದ, ಸಾಹಿತ್ಯ ಕ್ಷೇತ್ರದ ಲೆಕ್ಕದಲ್ಲಿ. ಅಲ್ಲಿ ನಾಮಪತ್ರವೂ ಇಲ್ಲ, ಚುನಾವಣಾಧಿಕಾರಿಯೂ ಇಲ್ಲ. ಸಂಪುಟದ ಸಲಹೆ, ರಾಜ್ಯಪಾಲರ ಆದೇಶ, ರಾಜ್ಯಪತ್ರದಲ್ಲಿ ಪ್ರಕಟಣೆ. ಖಂಡ ಕೇಳೋ ಘೋಷಣೆ ಆ ದಾರಿಯಲ್ಲಿ ಎಲ್ಲೂ ಹುಟ್ಟೋದಿಲ್ಲ.

2020ರ ನವೆಂಬರ್ 30ರಂದು ಹೈಕೋರ್ಟ್ ಮಧ್ಯಂತರ ಆದೇಶದಲ್ಲಿ ಇದನ್ನೇ ಹೇಳಿದ್ದು. ಸುಪ್ರೀಂ ಕೋರ್ಟ್ 2021ರ ಜನವರಿ 28ರಂದು ವಿಶ್ವನಾಥ್ ಮೇಲ್ಮನವಿ ತಳ್ಳಿಹಾಕಿತು.

ಕಡತ ವಿಭಾಗ:
ರಾಜೀನಾಮೆಯ ಪ್ರಶ್ನೆಗೆ ಬರ್ತೀನಿ, ಜನ ಹೆಚ್ಚು ಎಡವೋದು ಅಲ್ಲೇ.

ಶಾಸಕರ ರಾಜೀನಾಮೆ 190ನೇ ವಿಧಿಯ (3)(ಬಿ) ಪ್ರಕಾರ ನಡೆಯುತ್ತೆ. ಪತ್ರ ಸ್ಪೀಕರ್‌ಗೇ ಬರೆದಿರಬೇಕು, ತಮ್ಮ ಸಹಿ ಇರಬೇಕು, ಇಂಥ ದಿನದಿಂದ ಸದನದ ಸ್ಥಾನಕ್ಕೆ ರಾಜೀನಾಮೆ ಕೊಡ್ತಿದ್ದೇನೆ ಅನ್ನೋ ಒಂದೇ ವಾಕ್ಯ ಸಾಕು. ಕಾರಣ, ದೂರು, ಬೇಸರ ಎಲ್ಲ ಸೇರಿಸಿ ಪುಟ ತುಂಬಿಸಿದರೆ ನಮೂನೆ ಕೆಡುತ್ತೆ. 2019ರ ಜುಲೈನಲ್ಲಿ ಬಂದ 13 ಪತ್ರಗಳಲ್ಲಿ 8 ಕ್ರಮಬದ್ಧವಾಗಿಲ್ಲ ಅಂತ ಆಗಿನ ಸ್ಪೀಕರ್ ರಮೇಶ್ ಕುಮಾರ್ ಹೇಳಿದ್ದು ನೆನಪಿರಬಹುದು. ಪತ್ರ ಸರಿಯಿದ್ದರೂ ಅದು ಸ್ವಇಚ್ಛೆಯದ್ದೇ, ನೈಜವೇ ಅಂತ ಸ್ಪೀಕರ್‌ಗೆ ಮನವರಿಕೆಯಾಗಬೇಕು. ಈ ಷರತ್ತು 1974ರ 33ನೇ ತಿದ್ದುಪಡಿಯಿಂದ ಬಂತು.

ಅನರ್ಹತೆ ಬೇರೆಯದೇ ಹಳಿ. ಸಂವಿಧಾನದ ಹತ್ತನೇ ಅನುಸೂಚಿಯ (ಪಕ್ಷಾಂತರ ತಡೆಯೋ ನಿಯಮಗಳು) 2ನೇ ಪ್ಯಾರಾ: ಪಕ್ಷದ ಸದಸ್ಯತ್ವ ತಾನಾಗಿ ಬಿಟ್ಟರೆ, ಅಥವಾ ವಿಪ್ (ಹೀಗೇ ಮತ ಹಾಕಿ ಅನ್ನೋ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಇಲ್ಲವೇ ಮತದಾನಕ್ಕೆ ಗೈರಾದರೆ. ಎರಡನೆಯದರಲ್ಲಿ ಪಕ್ಷ 15 ದಿನದೊಳಗೆ ಮನ್ನಿಸಿದರೆ ಶಾಸಕ ಬಚಾವ್. ಪಕ್ಷ ಬಿಟ್ಟೆ ಅಂತ ಬರೆದು ಕೊಡಬೇಕಾಗಿಯೂ ಇಲ್ಲ, ನಡವಳಿಕೆ ನೋಡಿಯೇ ತೀರ್ಮಾನಿಸಬಹುದು ಅಂತ ಸುಪ್ರೀಂ ಕೋರ್ಟ್ 1994ರಲ್ಲಿ ರವಿ ನಾಯಕ್ ಪ್ರಕರಣದಲ್ಲೇ ಹೇಳಿದೆ.

ಎರಡೂ ಹಳಿ ಕೂಡಿದಾಗ ಏನು? ಸುಪ್ರೀಂ ಕೋರ್ಟಿನ 2019ರ ನವೆಂಬರ್ 13ರ ತೀರ್ಪು ಇದನ್ನ ಬಗೆಹರಿಸಿತು. ಪಕ್ಷಾಂತರದ ಕೃತ್ಯ ರಾಜೀನಾಮೆಗಿಂತ ಮೊದಲೇ ನಡೆದಿದ್ದರೆ ರಾಜೀನಾಮೆ ಅದನ್ನ ತೊಳೆಯೋದಿಲ್ಲ. ಹಾಗಾಗಿ ಸ್ಪೀಕರ್ ಆದೇಶಿಸಿದ್ದ 17 ಶಾಸಕರ ಅನರ್ಹತೆ (ಜುಲೈ 25ರಂದು ಮೂವರು, 28ರಂದು ವಿಶ್ವನಾಥ್ ಸೇರಿ 14 ಮಂದಿ) ಉಳಿಯಿತು. ಆದರೆ 2023ರವರೆಗೆ ಚುನಾವಣೆಗೇ ನಿಲ್ಲಬಾರದು ಅಂತ ಸ್ಪೀಕರ್ ಹಾಕಿದ್ದ ನಿರ್ಬಂಧ ಬಿದ್ದುಹೋಯಿತು, ಅಷ್ಟು ಅಧಿಕಾರ ಸ್ಪೀಕರ್‌ಗೆ ಇಲ್ಲ. ಡಿಸೆಂಬರ್ 5ರ ಉಪಚುನಾವಣೆಗೆ ಇವರು ನಿಲ್ಲೋಕೆ ಆಗಿದ್ದು ಈ ಎರಡನೇ ಭಾಗದಿಂದ.

ಆ ದಿನ 15 ಕ್ಷೇತ್ರ. ಬಿಜೆಪಿಗೆ 12, ಕಾಂಗ್ರೆಸ್‌ಗೆ 2, ಹೊಸಕೋಟೆಯಲ್ಲಿ ಪಕ್ಷೇತರ ಶರತ್ ಬಚ್ಚೇಗೌಡ. ಬಿಜೆಪಿಯಿಂದ ಗೆದ್ದ 12ರಲ್ಲಿ 11 ಮಂದಿ ಅನರ್ಹಗೊಂಡಿದ್ದವರು, ಅವರಲ್ಲಿ 10 ಮಂದಿ 2020ರ ಫೆಬ್ರುವರಿ 6ರಂದು ಮಂತ್ರಿಗಳಾದರು. ಗೆದ್ದ ಘೋಷಣೆಯೊಂದಿಗೇ (1ಬಿ) ಅವರ ಮೇಲಿಂದ ಕಳಚಿತ್ತು. ಹುಣಸೂರಿನಲ್ಲಿ ಗೆದ್ದದ್ದು ಕಾಂಗ್ರೆಸ್ಸಿನ ಎಚ್.ಪಿ. ಮಂಜುನಾಥ್, ವಿಶ್ವನಾಥ್ ಮೇಲಿನದು ಹಾಗೇ ಉಳೀತು.

ಲಕ್ಷ್ಮಣತೀರ್ಥ:
ಇಬ್ಬರಿಗೂ ನಮಸ್ಕಾರ, ಈಗ ಚಿತ್ರ ಸ್ಪಷ್ಟವಾಯಿತು. ಇನ್ನೆರಡು ಕೇಳ್ತೀನಿ. ಜೂನ್‌ನ ಏಳರಲ್ಲಿ ಬಿಜೆಪಿಗೆ ಸಿಕ್ಕ ನಾಲ್ಕು ಸ್ಥಾನದಲ್ಲಿ ಒಂದನ್ನ ವಿಶ್ವನಾಥ್‌ಗೆ ಕೊಟ್ಟಿದ್ದರೆ? ಮತ್ತೆ, ಸದಸ್ಯರಲ್ಲದವರೂ ಆರು ತಿಂಗಳು ಮಂತ್ರಿಯಾಗಿರಬಹುದಲ್ಲ, ಆ ದಾರಿ ಇರಲಿಲ್ಲವೇ?

ಮೊಗಸಾಲೆ:
ಕೊಟ್ಟಿದ್ದರೆ ಮುಗೀತು, ತೊಡಕೇ ಇರ್ತಿರಲಿಲ್ಲ. ಏಳು ಸ್ಥಾನಕ್ಕೆ ಶಾಸಕರು ಮತ ಹಾಕುವಾಗ ಒಬ್ಬರನ್ನ ಗೆಲ್ಲಿಸೋಕೆ ಸುಮಾರು 28 ಮೊದಲ ಪ್ರಾಶಸ್ತ್ಯದ ಮತ ಬೇಕು. ಬಿಜೆಪಿ ಬಲ 117, ಹಾಗಾಗಿ ನಾಲ್ಕೇ. ಆ ನಾಲ್ಕರಲ್ಲಿ ಎರಡು ಎಂ.ಟಿ.ಬಿ., ಶಂಕರ್‌ಗೆ ಹೋದವು. ಉಳಿದೆರಡು ಸುನಿಲ್ ವಲ್ಯಾಪುರೆ, ಪ್ರತಾಪಸಿಂಹ ನಾಯಕ್ ಅವರಿಗೆ. ಈ ಇಬ್ಬರೂ ಅನರ್ಹರ ಪಟ್ಟಿಯವರಲ್ಲ, ಅವರನ್ನ ನಾಮನಿರ್ದೇಶನದಿಂದಲೂ ತರಬಹುದಿತ್ತು. ನಲವತ್ತು ವರ್ಷದ ಅನುಭವ ಇದ್ದವರನ್ನ ಒಂದು ತಿಂಗಳ ಅಂತರದಲ್ಲಿ ತಪ್ಪು ಬಾಗಿಲಿಗೆ ಕಳಿಸಿದ್ದು ನನ್ನ ಲೆಕ್ಕದಲ್ಲಿ ದೊಡ್ಡ ಲೋಪ. ಸಲಹೆ ಕೊಡೋರು (1ಬಿ)ಯ ಕೊನೇ ಸಾಲು ಓದಿದ್ದರೆ ಸಾಕಿತ್ತು.

ಆರು ತಿಂಗಳ ದಾರಿ 164(4). ಅದು ಅರ್ಹತೆ ಇದ್ದೂ ಸದನದಲ್ಲಿ ಇಲ್ಲದವರಿಗೆ. ಅನರ್ಹತೆ ಇರೋರಿಗೆ ಅದು ತೆರೆಯೋದಿಲ್ಲ ಅಂತ 2001ರಲ್ಲಿ ಜಯಲಲಿತಾ ಪ್ರಕರಣದಲ್ಲೇ ತೀರ್ಮಾನ ಆಗಿದೆ. ಅಲ್ಲಿ ಅನರ್ಹತೆ ಬೇರೆ ಬಗೆಯದು, ಕ್ರಿಮಿನಲ್ ಶಿಕ್ಷೆಯಿಂದ ಬಂದದ್ದು, ಆದರೆ ತರ್ಕ ಒಂದೇ.

ಕಡತ ವಿಭಾಗ:
ಒಂದು ಮಾತು ಸೇರಿಸಿ ಬರಕೊಳ್ಳಿ. ಕೋರ್ಟ್ ತಡೆದದ್ದು ಮಂತ್ರಿ ಸ್ಥಾನವನ್ನ ಮಾತ್ರ, ಪರಿಷತ್ ಸದಸ್ಯತ್ವ ಹೋಗಲಿಲ್ಲ. ಎಷ್ಟೋ ಕಡೆ ಎರಡನ್ನೂ ಕಲಸಿ ಬರೆದಿರ್ತಾರೆ. ಇನ್ನು 361ಬಿ ವಿಧಿ ಅಂತ ಇದೆ, ಇದೇ ಅವಧಿಗೆ ಸಂಬಳದ ರಾಜಕೀಯ ಹುದ್ದೆಗಳನ್ನೂ ಮುಚ್ಚುತ್ತೆ. ಸರ್ಕಾರದ ಬೊಕ್ಕಸದಿಂದ ಸಂಬಳ ಬರೋ ನಿಗಮ-ಮಂಡಳಿ ಅಧ್ಯಕ್ಷಗಿರಿ ಅದರಲ್ಲಿ ಸೇರುತ್ತೆ. ಖರ್ಚು ತುಂಬಿಕೊಡೋ ಭತ್ಯೆ ಮಾತ್ರ ಇದ್ದರೆ ಸೇರಲ್ಲ.

ವರ್ಷವಾರು ಪಟ್ಟಿಯಲ್ಲಿ "2019 ರಾಜೀನಾಮೆ" ಅಂತ ಒಂದೇ ಸಾಲು ಹಾಕಬೇಡಿ. ರಾಜೀನಾಮೆ ಪತ್ರ ಕೊಟ್ಟ ದಿನ ಒಂದು, ಜುಲೈ 28ರ ಅನರ್ಹತೆ ಆದೇಶ ಇನ್ನೊಂದು, ನವೆಂಬರ್ 13ರ ತೀರ್ಪು ಮತ್ತೊಂದು ಸಾಲಾಗಿ ಇರಲಿ. ಸ್ಥಾನ ಖಾಲಿಯಾದದ್ದು ಅನರ್ಹತೆಯಿಂದ, ರಾಜೀನಾಮೆಯಿಂದ ಅಲ್ಲ.