ದೊಡ್ಡಪ್ಪನಿಗೆ ವೀರಚಕ್ರ ಕೊಟ್ಟವರು ಯಾರು?

ಗುಂಪು: ದೊಡ್ಡಮನೆ ಬಳಗ

ಕಿಟ್ಟಣ್ಣ (ಫಾರ್ವರ್ಡ್): "ವೀರಚಕ್ರ ವಿಜೇತ ಮೇಜರ್ ಡಾಕ್ಟರ್ ಇನ್ನಿಲ್ಲ. 1971ರಲ್ಲಿ ಢಾಕಾದಲ್ಲಿ 93,000 ಪಾಕ್ ಸೈನಿಕರು ಶರಣಾದಾಗ ಮುಂದಿನ ಸಾಲಿನಲ್ಲಿ ನಿಂತಿದ್ದ ಬೆಂಗಳೂರಿನ ಹೆಮ್ಮೆಯ ಕನ್ನಡಿಗ. ದೇಶಪ್ರೇಮ ಇದ್ದರೆ ಹತ್ತು ಜನಕ್ಕೆ ಕಳಿಸಿ 🙏🙏"

ಕಿಟ್ಟಣ್ಣ: ನಮ್ಮ ಲೇಔಟ್ ಗುಂಪಲ್ಲಿ ಬಂತು. ದೊಡ್ಡಪ್ಪನ ಹೆಸರು ಎಲ್ಲಿಗೆ ಮುಟ್ಟಿದೆ ನೋಡಿ!

ಪುಟ್ಟಕ್ಕ: ಕಿಟ್ಟಿ, ಇದನ್ನ ತೆಗಿಯಪ್ಪ. ಅಪ್ಪ ಡಾಕ್ಟರ್ ಅಲ್ಲ. ವೀರಚಕ್ರ ಬಂದಿಲ್ಲ. ಢಾಕಾಗೆ ಕಾಲೇ ಇಟ್ಟಿಲ್ಲ.

ಹಾಸನ ಭಾವ: ಹೋದೋರ ಬಗ್ಗೆ ನಾಕು ಒಳ್ಳೆ ಮಾತು ಬಂದ್ರೆ ಏನಮ್ಮ ನಷ್ಟ? ಊರೋರು ಹೊಗಳ್ತಾವ್ರೆ, ಮನೆಯೋರೇ ಬೇಡ ಅಂತಾರೆ!

ಕಿಟ್ಟಣ್ಣ: ಶೋಕೇಸಲ್ಲಿ ಮೆಡಲ್ ಇದ್ವಲ್ಲ ಅಕ್ಕ. ನಾನೇ ನೋಡಿದೀನಿ.

ಪುಟ್ಟಕ್ಕ: ಇದ್ವು. ಪಶ್ಚಿಮೀ ಸ್ಟಾರ್, ಸಂಗ್ರಾಮ್ ಮೆಡಲ್, ಇನ್ನೊಂದು ಸ್ವಾತಂತ್ರ್ಯದ 25ನೇ ವರ್ಷದ್ದು. ಅವೆಲ್ಲ ಆಗ ಕೆಲಸದಲ್ಲಿದ್ದೋರಿಗೆ ಸಾಲಾಗಿ ಕೊಟ್ಟಿದ್ದು. ವೀರಚಕ್ರ ಹಾಗಲ್ಲ, ಶತ್ರು ಎದುರಿಗೆ ತೋರಿಸಿದ ಶೌರ್ಯಕ್ಕೆ, ಗೆಜೆಟ್‌ನಲ್ಲಿ ಹೆಸರು ಬರತ್ತೆ. ನಾಳೆ ಯಾರೋ ಪಟ್ಟಿ ತೆಗೆದು ನೋಡ್ತಾರೆ, ಅಪ್ಪನ ಹೆಸರು ಸಿಗಲ್ಲ. ಸುಳ್ಳುಗಾರ ಅನ್ನಿಸ್ಕೊಳ್ಳೋದು ಅಪ್ಪ, ಇದನ್ನ ಬರೆದ ಪುಣ್ಯಾತ್ಮ ಅಲ್ಲ.

ನಾನು: ಢಾಕಾ ಮಾತಂತೂ ಲೆಕ್ಕಕ್ಕೇ ಕೂರಲ್ಲ ಕಿಟ್ಟಣ್ಣ. ದೊಡ್ಡಪ್ಪ ಇದ್ದಿದ್ದು ಪಶ್ಚಿಮ ಗಡಿಯ ಶಕರ್‌ಗಢ ಕಡೆ. ಡಿಸೆಂಬರ್ 16ರ ಸಂಜೆ ಢಾಕಾದಲ್ಲಿ ಪಾಕ್ ಜನರಲ್ ನಿಯಾಜಿ ಶರಣಾಗತಿಗೆ ಸಹಿ ಹಾಕಿದ್ರೂ ಪಶ್ಚಿಮದಲ್ಲಿ ಗುಂಡು ನಿಂತಿರ್ಲಿಲ್ಲ, ಕದನವಿರಾಮ ಆಗಿದ್ದು 17ರ ರಾತ್ರಿ ಎಂಟಕ್ಕೆ. ನಮ್ಮ ಸೇನೆಯ ಅರುಣ್ ಖೇತ್ರಪಾಲ್ ಆ ಕಡೆಯ ಬಸಂತರ್ ನದಿ ಹತ್ರ ಟ್ಯಾಂಕಲ್ಲೇ ಪ್ರಾಣ ಬಿಟ್ಟಿದ್ದೂ ಅದೇ 16ಕ್ಕೆ. ಅಲ್ಲೆಲ್ಲ ನೆಲದ ತುಂಬ ಮೈನ್, ಅಂದ್ರೆ ಹೂತಿಟ್ಟ ಬಾಂಬು. ಕಾಲು ಕಳ್ಕೊಂಡು ಬರೋರಿಗೆ ರಕ್ತ ನಿಲ್ಲೋ ಹಾಗೆ ಪಟ್ಟಿ ಕಟ್ಟಿ, ಹಿಂದಿನ ಆಸ್ಪತ್ರೆಗೆ ಗಾಡಿ ಹತ್ತಿಸ್ತಿದ್ದ ನರ್ಸಿಂಗ್ ಅಸಿಸ್ಟೆಂಟ್ ಹವಾಲ್ದಾರ್ ಅವರು. ಆಫೀಸರ್ ಆಗಿದ್ದು ಆಮೇಲೆ, ಮೆಡಿಕಲ್ ಕೋರ್‌ನ ನಾನ್ ಟೆಕ್ನಿಕಲ್ ಕಮಿಷನ್‌ನಲ್ಲಿ. ಅಂದ್ರೆ ಸ್ಟೋರು, ರೇಷನ್ನು, ಲಿನನ್ನು. ಯಾರಾದ್ರೂ "ಡಾಕ್ಟರೇ" ಅಂದ್ರೆ ಅಲ್ಲೇ ತಿದ್ದೋರು.

ಹಾಸನ ಭಾವ: ರೇಷನ್ನು ಲಿನನ್ನು ಅಂತ ಪೇಪರಲ್ಲಿ ಹಾಕ್ಸೋಕಾಗ್ತದೇನಪ್ಪ 😀

ಜಯನಗರ ಚಿಕ್ಕಮ್ಮ: ಯಾಕಾಗಲ್ಲ? ನನ್ನ ಸಿಟ್ಟೇ ಬೇರೆ. ಅಷ್ಟುದ್ದ ಮೆಸೇಜಲ್ಲಿ ಆಸ್ಪತ್ರೆ ಅನ್ನೋ ಪದವೇ ಇಲ್ಲ! ಯುದ್ಧ ಎರಡು ವಾರ. 1990ರಲ್ಲಿ ರಿಟೈರಾಗಿ ಬಂದು ಆಸ್ಪತ್ರೆ ಅಡ್ಮಿನಿಸ್ಟ್ರೇಟರ್ ಆಗಿ ಹದಿನೆಂಟು ವರ್ಷ ದುಡಿದ್ರಲ್ಲ ಭಾವನವರು, ಅದು ಎಲ್ಲಿ ಹೋಯ್ತು? ನಾನು ಅಲ್ಲೇ ರೆಕಾರ್ಡ್ ರೂಮಲ್ಲಿದ್ದೋಳು. ಬೆಳಿಗ್ಗೆ ಐದೂವರೆಗೆ ಬರೋರು. ಜನರೇಟರ್ ಓಡಿಸಿ ನೋಡೋರು, ಆಕ್ಸಿಜನ್ ಜಂಬೋ ಸಿಲಿಂಡರ್ ತುಂಬಿದ್ದೆಷ್ಟು ಖಾಲಿ ಎಷ್ಟು ಕೈಯಲ್ಲಿ ಮುಟ್ಟಿ ಎಣಿಸೋರು, ಧೋಬಿ ಹತ್ರ ಬೆಡ್‌ಶೀಟ್ ಲೆಕ್ಕ ಕೇಳೋರು. 91ರ ಡಿಸೆಂಬರ್ ಕಾವೇರಿ ಗಲಾಟೆಗೆ ಕರ್ಫ್ಯೂ ಹಾಕಿದ್ರಲ್ಲ, ಆಗ ಸಿಸ್ಟರ್‌ಗಳನ್ನ ಆಂಬ್ಯುಲೆನ್ಸಲ್ಲೇ ಮನೆಮನೆಯಿಂದ ಕರೆಸಿ ಹಾಲ್‌ನಲ್ಲಿ ಹಾಸಿಗೆ ಹಾಕ್ಸಿದ್ರು. ಒಂದು ಶಿಫ್ಟೂ ತಪ್ಪಲಿಲ್ಲ.

ಜಯನಗರ ಚಿಕ್ಕಮ್ಮ: ಇನ್ನೊಂದು. ಬಿಲ್ ಬಾಕಿ ಇದ್ರೂ ಹೆಣ ಬಿಟ್ಟುಕೊಡ್ಬೇಕು ಅಂತ ನಮ್ಮ ರಾಜ್ಯದ ಖಾಸಗಿ ಆಸ್ಪತ್ರೆ ಕಾನೂನಲ್ಲಿ ಬಂದಿದ್ದು 2017ರ ತಿದ್ದುಪಡಿಲಿ. ಇವರು ಅದಕ್ಕೆ ಎಷ್ಟೋ ಮೊದಲೇ ಕೌಂಟರ್‌ನೋರಿಗೆ ಹೇಳಿಟ್ಟಿದ್ರು, ಮೊದಲು ಹೆಣ ಕಳಿಸಿ, ದುಡ್ಡು ಆಮೇಲೆ ಕೇಳೋಣ ಅಂತ. ಟ್ರಸ್ಟಿಗಳ ಹತ್ರ ಬೈಸ್ಕೊಂಡಿದ್ದೂ ಇದಕ್ಕೇ.

ಹಾಸನ ಭಾವ: ಚಿಕ್ಕಮ್ಮ, ಬಾಯಿ ಬಿಡಿಸ್ಬೇಡಿ. ನಮ್ಮಮ್ಮನ ಆಪರೇಷನ್ನಿಗೆ ಇದೇ ಮಾವನವರು ಹತ್ತು ರೂಪಾಯಿ ಬಿಡಲಿಲ್ಲ. ನಾನು ಕೈಸಾಲ ಮಾಡಿ ಕಟ್ಟಿದ್ದು. ಆದ್ರೂ ಇವತ್ತು ಅವರಿಗೆ ದೊಡ್ಡ ಹೆಸರು ಬರ್ಲಿ ಅಂತ ನಾನೇ ಅಂತಿದೀನಿ, ನೀವು ತಡೀತಿದೀರ.

ಪುಟ್ಟಕ್ಕ: ಭಾವ, ನನ್ನ ಹೆರಿಗೆ ಬಿಲ್ಲೂ ಪೂರ್ತಿ ಕಟ್ಟಿಸಿದ್ರು. ರಿಯಾಯಿತಿ ಇದ್ದಿದ್ದು ಬಡವರ ಫಂಡಿಂದ ಮಾತ್ರ.

ಹಾಸನ ಭಾವ: ನಾವೇನು ಆಗ ಸಾಹುಕಾರರಾಗಿದ್ವಾ? ನೆಂಟರು ಅಂತ ಅರ್ಜಿನೇ ತಗೊಳ್ಳಲಿಲ್ಲ. ಚಿಕ್ಕಮ್ಮಂಗೆ ಮಾತ್ರ ಅಲ್ಲಿ ಕೆಲಸ ಸಿಕ್ತು.

ಜಯನಗರ ಚಿಕ್ಕಮ್ಮ: ನಾನು ಸೇರಿದ್ದು 86ರಲ್ಲಿ. ಅವರು ಆಗ ಇನ್ನೂ ಮಿಲಿಟರಿಲಿದ್ರು. ಮಾತು ಸ್ವಲ್ಪ ನೋಡ್ಕೊಂಡು ಆಡಿ.

ನಾನು: ಭಾವ ಹೇಳೋದ್ರಲ್ಲಿ ನ್ಯಾಯ ಇದೆ. ಅರ್ಜಿ ತಗೊಂಡು ನೋಡ್ಬೇಕಿತ್ತು, ಅಲ್ಲಿ ದೊಡ್ಡಪ್ಪ ಅತಿ ಮಾಡಿದ್ರು. ಆದ್ರೆ ನೆಂಟರಿಗೂ ಇಲ್ಲದ್ದನ್ನ ಬರೆದುಕೊಡದ ಮನುಷ್ಯನಿಗೆ ನಾವೇ ಇಲ್ಲದ ಚಕ್ರ ಸಿಕ್ಕಿಸೋದಾ? ಕಿಟ್ಟಣ್ಣ, ಡಿಲೀಟ್ ಮಾಡಿ.

ಕಿಟ್ಟಣ್ಣ: ಇಲ್ಲಿ ಮಾಡ್ತೀನಿ. ಪೇಪರ್ ಜಾಹೀರಾತಿಗೆ ಇದು ಸರೀನಾ: "ಮೇಜರ್ (ನಿವೃತ್ತ), ಸೇನಾ ವೈದ್ಯಕೀಯ ದಳ. 1971ರ ಯುದ್ಧದಲ್ಲಿ ಪಶ್ಚಿಮ ರಂಗದಲ್ಲಿ ಗಾಯಾಳುಗಳ ಶುಶ್ರೂಷೆ. 18 ವರ್ಷ ಆಸ್ಪತ್ರೆ ಆಡಳಿತಾಧಿಕಾರಿ."

ಪುಟ್ಟಕ್ಕ: ಸರಿ. ಫೋಟೋ ಯೂನಿಫಾರ್ಮ್‌ದು ಬೇಡ. ಆಫೀಸ್ ಟೇಬಲ್ ಮುಂದೆ ಕೂತಿರೋದು ಹಾಕು.

ಹಾಸನ ಭಾವ: ಯೂನಿಫಾರ್ಮ್ ಇರ್ಲಿ ಕಣಮ್ಮ, ಅದಾದ್ರೂ ಸುಳ್ಳಲ್ವಲ್ಲ.

ಪುಟ್ಟಕ್ಕ: ಆಯ್ತು ಭಾವ, ಎರಡೂ ಹಾಕ್ಸೋಣ.

ಕಿಟ್ಟಣ್ಣ: ಒಂದು ಎಡವಟ್ಟಾಗಿದೆ. ಲೇಔಟ್ ಸೆಕ್ರೆಟರಿ ಭಾನುವಾರದ ಶ್ರದ್ಧಾಂಜಲಿ ಸಭೆಗೆ "ವೀರಚಕ್ರ ಮೇಜರ್ ಡಾಕ್ಟರ್" ಅಂತ ಆಗಲೇ ಫ್ಲೆಕ್ಸ್ ಪ್ರಿಂಟಿಗೆ ಕೊಟ್ಟಿದಾರಂತೆ.

ಜಯನಗರ ಚಿಕ್ಕಮ್ಮ: ಫ್ಲೆಕ್ಸ್ ಬ್ಯಾನ್ ಅಲ್ವೇನೋ?

ಪುಟ್ಟಕ್ಕ: ಅವರ ನಂಬರ್ ಕಳಿಸು. ನಾನೇ ಮಾತಾಡ್ತೀನಿ.