ಸ್ವೀಡನ್ನಿನಲ್ಲಿ ಮೂಸ್ ಬೇಟೆಗೆ ಒಂದೇ ರೈಫಲ್: .308, 6.5×55, ಇಲ್ಲಾ 9.3×62?

ಮಂಜಿನೂರು:

ಎಲ್ಲರಿಗೂ ನಮಸ್ಕಾರ. ಇರುವುದು ಯಾಮ್ಟ್‌ಲಾಂಡ್‌ನಲ್ಲಿ. ಬೇಟೆಗಾರರ ಪರೀಕ್ಷೆ ಪಾಸಾಗಿದೆ, ಸೆಪ್ಟೆಂಬರಿಗೆ ಊರಿನ ಬೇಟೆ ತಂಡದಲ್ಲಿ ಜಾಗವೂ ಸಿಕ್ಕಿದೆ. ಇಲ್ಲಿ ಪ್ರತಿ ಬಂದೂಕಿಗೂ ಪೊಲೀಸರಿಂದ ಬೇರೆ ಬೇರೆ ಲೈಸೆನ್ಸ್ ತೆಗೆದುಕೊಳ್ಳಬೇಕು, ಅರ್ಜಿಯಲ್ಲಿ ಕ್ಯಾಲಿಬರ್ (.308, 6.5×55 ಎಂಬಂಥ ತೋಟೆಯ ಅಳತೆ) ಬರೆಯಬೇಕು. ಹಾಗಾಗಿ ಕೊಂಡ ಮೇಲೆ ಯೋಚಿಸುವ ಹಾಗಿಲ್ಲ.

ನನ್ನ ಲೆಕ್ಕ ಇಷ್ಟು: ಮುಖ್ಯವಾಗಿ ಮೂಸ್ (ಉತ್ತರದ ಕಾಡಿನ ಭಾರೀ ಜಿಂಕೆ), ಆಗೀಗ ಸಣ್ಣ ಜಾತಿಯ ರೋ ಜಿಂಕೆ. ನಾಯಿ ತಡೆದು ನಿಲ್ಲಿಸಿದ ಪ್ರಾಣಿಗೆ ಹತ್ತಿರದ ಈಡು, ಇಲ್ಲವೇ ಕಾಯುವ ಜಾಗದಿಂದ 100 ಮೀಟರ್ ಒಳಗೆ. ನನ್ನ ತೂಕ 62 ಕೆ.ಜಿ., ಜೋರಾದ ಒದೆತ ಅಭ್ಯಾಸವಿಲ್ಲ. ಅಂಗಡಿಯವರು .300 ವಿನ್ ಮ್ಯಾಗ್ನಮ್ ಎಂಬ ಜೋರು ತೋಟೆಯ ರೈಫಲ್ ತೋರಿಸಿದರು, ತಂಡದ ಹಿರಿಯರು 6.5×55 ಸಾಕು ಅಂತಾರೆ, ಇನ್ನೊಬ್ಬರು 9.3 ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ಯಾವುದು ಹಿಡಿಯಲಿ?

ಬಿಲ್ಲಿನಮೂಲೆ:

ಮೊದಲು ಕಾನೂನು ನೋಡಿ, ಅರ್ಧ ಗೊಂದಲ ಅಲ್ಲೇ ತೀರುತ್ತದೆ. ಸ್ವೀಡನ್ನಿನಲ್ಲಿ ಮೂಸ್‌ಗೆ ‘ಕ್ಲಾಸ್ 1’ ತೋಟೆಯೇ ಆಗಬೇಕು. ಅದಕ್ಕೆ ಎರಡು ದಾರಿ. ಗುಂಡಿನ ತೂಕ ಕನಿಷ್ಠ 9 ಗ್ರಾಂ ಇದ್ದು 10ಕ್ಕಿಂತ ಕಡಿಮೆಯಾದರೆ 100 ಮೀಟರ್ ದೂರದಲ್ಲಿ 2700 ಜೌಲ್ ಶಕ್ತಿ ಉಳಿದಿರಬೇಕು. 10 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ 2000 ಜೌಲ್ ಸಾಕು. ಎರಡರಲ್ಲೂ ಗುಂಡು ಮೈಯೊಳಗೆ ಅರಳುವಂಥದ್ದಾಗಿರಬೇಕು, ಗಟ್ಟಿ ಕವಚದ ಗುಂಡು ನಡೆಯದು.

ಇದನ್ನು ವೇಗಕ್ಕೆ ತಿರುಗಿಸಿದರೆ ಅಂತರ ಕಣ್ಣಿಗೆ ಕಾಣುತ್ತದೆ. 10 ಗ್ರಾಂ ಗುಂಡು 100 ಮೀಟರಿನಲ್ಲಿ ಸೆಕೆಂಡಿಗೆ 632 ಮೀಟರ್ ವೇಗದಲ್ಲಿದ್ದರೆ ಪಾಸು. 9 ಗ್ರಾಂ ಗುಂಡಿಗೆ 775 ಮೀಟರ್ ಬೇಕು. ಕಾನೂನೇ ಭಾರದ ಗುಂಡಿನ ಕಡೆ ವಾಲಿದೆ ಅಂದ ಹಾಗಾಯಿತು. ಮೂಸ್ ಮಟ್ಟಿಗೆ ಅದು ಸರಿಯೂ ಹೌದು.

ಸಾಮಾನ್ಯ ಕಾರ್ಖಾನೆ ತೋಟೆಗಳ ಅಂದಾಜು (ನಳಿಗೆಯ ಉದ್ದ, ಕಂಪನಿ ನೋಡಿ ಸ್ವಲ್ಪ ಆಚೀಚೆ):

6.5×55, 10.1 ಗ್ರಾಂ: ನಳಿಗೆಯ ಬಾಯಲ್ಲಿ 780 ಮೀ/ಸೆ, 100 ಮೀಟರಿನಲ್ಲಿ 2400 ಜೌಲ್.
.308, 11.7 ಗ್ರಾಂ: 790 ಮೀ/ಸೆ, 3000 ಜೌಲ್.
.30-06, 11.7 ಗ್ರಾಂ: 820 ಮೀ/ಸೆ, 3250 ಜೌಲ್.
9.3×62, 18.5 ಗ್ರಾಂ: 720 ಮೀ/ಸೆ, 3900 ಜೌಲ್.

ಎಲ್ಲವೂ ಪಾಸು. ಹಾಗಾದರೆ ಆರಿಸುವುದು ಒದೆತ ನೋಡಿ. 3.5 ಕೆ.ಜಿ. ರೈಫಲ್‌ನಲ್ಲಿ ಒದೆತದ ಶಕ್ತಿ 6.5ಕ್ಕೆ ಸುಮಾರು 18 ಜೌಲ್, .308ಕ್ಕೆ 23, .30-06ಕ್ಕೆ 27, .300 ಮ್ಯಾಗ್ನಮ್‌ಗೆ 37, 9.3ಕ್ಕೆ 45. ಅಂಗಡಿಯಲ್ಲಿ ಹಗುರ ಅಂತ ಹೊಗಳುವ 2.9 ಕೆ.ಜಿ. ರೈಫಲ್ ತೆಗೆದುಕೊಂಡರೆ ಈ ಅಂಕಿಗಳೆಲ್ಲ ಐದರಲ್ಲೊಂದು ಪಾಲು ಮೇಲೇರುತ್ತವೆ. ಒದೆತಕ್ಕೆ ಹೆದರಿದ ಕೈ ಟ್ರಿಗರ್ ಎಳೆಯುವ ಮುಂಚೆಯೇ ಕಣ್ಣು ಮುಚ್ಚುತ್ತದೆ, ನಳಿಗೆ ಕೆಳಗೆ ಜಗ್ಗುತ್ತದೆ. ಎದೆಗೆ ಇಟ್ಟ ಗುರಿ ಮುಂಗಾಲಿಗೆ ಬೀಳುವುದು ಹೀಗೆ.

ನಿಮಗೆ ನನ್ನ ಸಲಹೆ .308, ಗುಂಡು 11.7 ಗ್ರಾಂ, ಸೀಸವನ್ನು ಕವಚಕ್ಕೆ ಬೆಸೆದ ಮಾದರಿ. ರೈಫಲ್, ಸ್ಕೋಪ್ ಎಲ್ಲ ಸೇರಿ 3.8ರಿಂದ 4 ಕೆ.ಜಿ. ಇರಲಿ. .300 ಮ್ಯಾಗ್ನಮ್ 250 ಮೀಟರ್ ಆಚೆಗೆ ಹೊಡೆಯುವವರಿಗೆ. 60 ಮೀಟರಿನ ಸ್ಪ್ರೂಸ್ ಕಾಡಿನಲ್ಲಿ ಅದು ಕೊಡುವುದು ಸದ್ದು, ಒದೆತ, ಹಾಳಾದ ಮಾಂಸ, ಅಷ್ಟೇ.

ಹಳುನುಗ್ಗಿ:

9.3×62ರ ಪರವಾಗಿ ನಾಲ್ಕು ಮಾತು. 1905ರಲ್ಲಿ ಬರ್ಲಿನ್‌ನ ಕೋವಿ ತಯಾರಕ ಓಟೊ ಬಾಕ್ ಇದನ್ನು ಮಾಡಿದ್ದು ಆಫ್ರಿಕಾದ ಜರ್ಮನ್ ವಸಾಹತುಗಳ ದೊಡ್ಡ ಪ್ರಾಣಿಗಳಿಗೆ. ಅದು ಉತ್ತರದ ಕಾಡಿಗೆ ಬಂದು ನೆಲೆಸಿದ್ದಕ್ಕೆ ಕಾರಣವಿದೆ. ವೇಗ ಕಡಿಮೆ, ಗುಂಡು ದಪ್ಪ. ಹಾಗಾಗಿ ಮಾಂಸದಲ್ಲಿ ರಕ್ತ ಹೆಪ್ಪುಗಟ್ಟುವುದು ಕಡಿಮೆ, ಆಚೆ ಬದಿಯಲ್ಲಿ ದೊಡ್ಡ ತೂತು, ನೆಲದ ಮೇಲೆ ಧಾರಾಳ ರಕ್ತ. ಮಳೆಯಲ್ಲಿ ಪಾಚಿಯ ಮೇಲೆ ಜಾಡು ಹಿಡಿಯುವವನಿಗೆ ಇದರ ಬೆಲೆ ಗೊತ್ತು.

ಒದೆತ ನಿಜ. ಆದರೆ ಅದು ಮ್ಯಾಗ್ನಮ್ ಹಾಗೆ ಚುರುಕಾಗಿ ಬಡಿಯುವುದಿಲ್ಲ, ನಿಧಾನವಾಗಿ ತಳ್ಳುತ್ತದೆ. 62 ಕೆ.ಜಿ.ಯ ಹೊಸಬರಿಗೆ ಮೊದಲ ರೈಫಲ್ ಆಗಿ ನಾನೂ ಹೇಳುವುದಿಲ್ಲ, ಅದರಲ್ಲೂ ರೋ ಜಿಂಕೆಗೂ ಇದೇ ಅಂದರೆ. ಎರಡನೆಯದಾಗಿ ಬರಲಿ.

ಆರೂವರೆ:

6.5×55 ಬಗ್ಗೆ ‘ಸಾಕು’ ಅನ್ನುವ ಹಿರಿಯರು ತಪ್ಪು ಹೇಳಿಲ್ಲ, ಪೂರ್ತಿಯಾಗಿಯೂ ಹೇಳಿಲ್ಲ. 1894ರಿಂದ ಸ್ವೀಡನ್, ನಾರ್ವೆಗಳಲ್ಲಿ ಬಳಕೆಯಲ್ಲಿರುವ ತೋಟೆ. ತೆಳ್ಳಗಿನ ಉದ್ದನೆಯ 10.1 ಗ್ರಾಂ ಗುಂಡು ತನ್ನ ಅಳತೆಗೆ ಮೀರಿ ಒಳಗೆ ನುಗ್ಗುತ್ತದೆ. ಹಳೆ ಮೌಸರ್ ರೈಫಲ್‌ಗಳ ನಳಿಗೆಯ ತಿರುಪು (ಗುಂಡನ್ನು ಗಿರಗಿರನೆ ತಿರುಗಿಸುವ ಒಳಗಿನ ಸುರುಳಿ ಗೀರು) 200 ಮಿ.ಮೀ.ಗೆ ಒಂದು ಸುತ್ತು ಇರುವುದೇ ಈ ಉದ್ದನೆ ಗುಂಡನ್ನು ಹದವಾಗಿ ಹಾರಿಸಲು. ಒದೆತ ಕಡಿಮೆ, ಆದ್ದರಿಂದ ಜನ ಚೆನ್ನಾಗಿ ಹೊಡೆಯುತ್ತಾರೆ. ಇದರ ಖ್ಯಾತಿಯ ಗುಟ್ಟೂ ಅದೇ.

ತೊಂದರೆ ಎಲ್ಲಿ ಅಂದರೆ, ಆಚೆ ಬದಿಯ ತೂತು ಚಿಕ್ಕದು. ಮೂಸ್‌ನ ಒತ್ತಾದ ಕೂದಲು ರಕ್ತ ಹೀರಿಕೊಳ್ಳುತ್ತದೆ, ಮೊದಲ 30-40 ಮೀಟರಿನಲ್ಲಿ ನೆಲದ ಮೇಲೆ ಹನಿ ಕಾಣದೆ ಇರಬಹುದು. ಇನ್ನೊಂದು, 8 ಗ್ರಾಂ ಆಸುಪಾಸಿನ ತೋಟೆಗಳೂ ಇದೇ ಹೆಸರಿನ ಪೆಟ್ಟಿಗೆಯಲ್ಲಿ ಬರುತ್ತವೆ. ಅವು ರೋ ಜಿಂಕೆಗೆ ಸರಿ, ಮೂಸ್‌ಗೆ ಕಾನೂನುಬಾಹಿರ. ಪೆಟ್ಟಿಗೆಯ ಮೇಲಿನ ತೂಕ ಓದದೆ ಕೊಂಡರೆ ಕೆಟ್ಟಿರಿ.

ಮಂಜಿನೂರು:

ತುಂಬಾ ಉಪಕಾರ. ಎರಡು ಅನುಮಾನ. ತಂಡದಲ್ಲಿ ಕೆಲವರು ತಾಮ್ರದ ಗುಂಡಿಗೆ ಬದಲಾಗುತ್ತಿದ್ದಾರೆ. ಅದಕ್ಕೆ ಯಾವ ಕ್ಯಾಲಿಬರ್ ಹೊಂದುತ್ತದೆ? ಮತ್ತೆ, ಮೂಸ್ ಇಷ್ಟು ಎತ್ತರದ ಪ್ರಾಣಿ, ಗುರಿ ಎಲ್ಲಿಡಬೇಕು? ಪರೀಕ್ಷೆಯ ಪುಸ್ತಕದಲ್ಲಿ ಚಿತ್ರವಿದೆ, ಆದರೆ ಕಾಡಿನಲ್ಲಿ ಕೊಂಬೆಗಳ ನಡುವೆ ಅಂದಾಜು ಸಿಗುವುದಿಲ್ಲ.

ಆರೂವರೆ:

ತಾಮ್ರ ಸೀಸಕ್ಕಿಂತ ಹಗುರ. ಅಷ್ಟೇ ತೂಕ ಬೇಕಾದರೆ ಗುಂಡು ಉದ್ದವಾಗಬೇಕು. 6.5ರಲ್ಲಿ 10 ಗ್ರಾಂ ತಾಮ್ರದ ಗುಂಡು ಅಂದರೆ ಕಡ್ಡಿಯಷ್ಟು ಉದ್ದ, ನಳಿಗೆಯ ತಿರುಪು ಅದನ್ನು ಹಿಡಿಯದು, ತೋಟೆಯೊಳಗೆ ಮದ್ದಿಗೂ ಜಾಗ ಉಳಿಯದು. ಆದ್ದರಿಂದ 6.5ರ ತಾಮ್ರದ ತೋಟೆಗಳು ಹೆಚ್ಚಾಗಿ 8 ಗ್ರಾಂ ಸುತ್ತಮುತ್ತ. 9 ಗ್ರಾಂಗೆ ಬೇಕಾದ 775 ಮೀ/ಸೆ 100 ಮೀಟರಿನಲ್ಲಿ ಉಳಿಸುವುದು ಈ ತೋಟೆಯ ತಾಕತ್ತಿಗೆ ಮೀರಿದ್ದು. ನನ್ನ ಪ್ರೀತಿಯ ಕ್ಯಾಲಿಬರ್, ಆದರೂ ಹೇಳಲೇಬೇಕು: ತಾಮ್ರಕ್ಕೆ ಹೋಗುವ ಮನಸ್ಸಿದ್ದರೆ .308 ಅಥವಾ .30-06 ತೆಗೆದುಕೊಳ್ಳಿ. ಅವುಗಳಲ್ಲಿ 10.7 ಗ್ರಾಂ ತಾಮ್ರದ ಗುಂಡು ಆರಾಮವಾಗಿ ಕೂರುತ್ತದೆ.

ತಾಮ್ರ ಅರಳಲು ವೇಗ ಬೇಕು. ಬಹುಪಾಲು ಮಾದರಿಗಳು 550-600 ಮೀ/ಸೆ ಕೆಳಗೆ ಸರಿಯಾಗಿ ಅರಳದೆ ಸೂಜಿಯಂತೆ ತೂರಿ ಹೋಗುತ್ತವೆ. ನಿಮ್ಮ ದೂರಕ್ಕೆ ಅದು ಅಡ್ಡಿಯಲ್ಲ. ಸೀಸದಲ್ಲೇ ಉಳಿದರೆ, ಗಾಯದ ದಾರಿಯ ಸುತ್ತ ಹೆಪ್ಪುಗಟ್ಟಿದ ಕಪ್ಪು ಮಾಂಸ ಎಲ್ಲಿಯವರೆಗಿದೆಯೋ ಅಲ್ಲಿಯವರೆಗೂ ಕಡಿದು ಬಿಸಾಡಿ. ಅದರಾಚೆ ಇನ್ನೂ 10 ಸೆಂ.ಮೀ. ಮಾಂಸವನ್ನೂ. ಮಕ್ಕಳಿರುವ ಮನೆಯಲ್ಲಿ ಇದಕ್ಕೆ ಜಿಪುಣತನ ಬೇಡ.

ಬಿಲ್ಲಿನಮೂಲೆ:

ಗುರಿಯ ವಿಷಯಕ್ಕೆ ಬರೋಣ. ಮೂಸ್‌ನ ಭುಜದ ಮೇಲಿನ ಗೂನು ಕಣ್ಣಿಗೆ ಮೋಸ ಮಾಡುತ್ತದೆ. ಅದು ಬೆನ್ನುಮೂಳೆಯಿಂದ ಮೇಲಕ್ಕೆ ಎದ್ದ ಉದ್ದನೆಯ ಮುಳ್ಳೆಲುಬುಗಳ ಸಾಲು. ನಿಜವಾದ ಬೆನ್ನುಹುರಿ ಅಲ್ಲಿಂದ ತುಂಬಾ ಕೆಳಗೆ ಹಾದುಹೋಗುತ್ತದೆ. ಮೈಯ ನಡುಮಟ್ಟ ಅಂದುಕೊಂಡು ಸ್ವಲ್ಪ ಮೇಲೆ ಹೊಡೆದರೆ ಗುಂಡು ಹುರಿಯ ಮೇಲಿನ ಮುಳ್ಳೆಲುಬಿಗೆ ಬಡಿಯುತ್ತದೆ. ಪ್ರಾಣಿ ಮರ ಕಡಿದಂತೆ ಬೀಳುತ್ತದೆ, ಎಲ್ಲರೂ ರೇಡಿಯೋದಲ್ಲಿ ಅಭಿನಂದನೆ ಹೇಳುವಷ್ಟರಲ್ಲಿ ಎದ್ದು ಓಡುತ್ತದೆ. ಅದು ಬರೀ ಆಘಾತದಿಂದ ಬಿದ್ದದ್ದು. ಹಾಗೆ ಧೊಪ್ಪನೆ ಬಿದ್ದ ಮೂಸ್ ಮೇಲೆ ಇನ್ನೊಂದು ಈಡು ತಯಾರಿಟ್ಟುಕೊಂಡೇ ಇರಬೇಕು.

ಪಕ್ಕಕ್ಕೆ ನಿಂತ ಪ್ರಾಣಿಗೆ ಗೂನನ್ನು ಮರೆತುಬಿಡಿ. ಎದೆಯ ಕೆಳಗೆರೆಯಿಂದ ಅಳೆಯಿರಿ. ಮುಂಗಾಲಿನ ಹಿಂಬದಿಯ ಗೆರೆಯಲ್ಲಿ, ಕೆಳಗಿನಿಂದ ಮೂರರಲ್ಲೊಂದು ಭಾಗ ಮೇಲೆ. ಅಲ್ಲಿ ಎರಡೂ ಶ್ವಾಸಕೋಶ ಸಿಗುತ್ತವೆ, ತುಸು ತಪ್ಪಿದರೂ ಗುರಿ ಕೆಡುವುದಿಲ್ಲ. ಮೂತಿ ನಿಮ್ಮ ಕಡೆಗಿದ್ದರೆ, ಹಿಂಬದಿ ನಿಮ್ಮ ಕಡೆಗಿದ್ದರೆ, ಕಾಯಿರಿ. ನಾಯಿ ಬೊಗಳುತ್ತಾ ಸುತ್ತುತ್ತಿದ್ದರೆ ಪ್ರಾಣಿ ತಾನಾಗಿ ತಿರುಗುತ್ತದೆ. ಗುಂಡು ಮೈ ದಾಟಿ ಆಚೆ ಹೋಗುತ್ತದೆ ಅನ್ನುವುದು ನೆನಪಿರಲಿ, ಆಚೆ ನಾಯಿ ಇರಬಾರದು.

ಶ್ವಾಸಕೋಶಕ್ಕೆ ಸರಿಯಾಗಿ ಬಿದ್ದರೂ ಮೂಸ್ ಕಡವೆ ಹಾಗೆ ಚಿಮ್ಮಿ ಬೀಳುವುದಿಲ್ಲ. ಏನೂ ಆಗದಂತೆ ನಿಂತಿರುತ್ತದೆ, ಇಲ್ಲವೇ 50-100 ಮೀಟರ್ ನಡೆದು ಮಲಗುತ್ತದೆ. ಹೊಸಬರು ತಪ್ಪಿತು ಅಂದುಕೊಂಡು ಬೆರಗಾಗಿ ನೋಡುತ್ತಾ ಉಳಿಯುತ್ತಾರೆ. ನೋಡಬೇಡಿ. ಬೋಲ್ಟ್ ಎಳೆದು, ನಿಂತಿರುವವರೆಗೂ ಅದೇ ಜಾಗಕ್ಕೆ ಎರಡನೆಯದನ್ನೂ ಕೊಡಿ. ಕ್ಯಾಲಿಬರ್ ಚಿಕ್ಕದಿರಲಿ ದೊಡ್ಡದಿರಲಿ, ಇದರಲ್ಲಿ ವಿನಾಯಿತಿಯಿಲ್ಲ. ಕಡಿಮೆ ಒದೆತದ ರೈಫಲ್ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ, ಸ್ಕೋಪಿನಿಂದ ಪ್ರಾಣಿ ಜಾರಿಹೋಗುವುದಿಲ್ಲ.

ಓಡಿಹೋದರೆ ನಿಂತಿದ್ದ ಜಾಗಕ್ಕೆ ಗುರುತು ಕಟ್ಟಿ, ರಕ್ತ ನೋಡಿ. ನೊರೆನೊರೆ ತಿಳಿಗೆಂಪು ಅಂದರೆ ಶ್ವಾಸಕೋಶ, ಹತ್ತಿರದಲ್ಲೇ ಸಿಗುತ್ತದೆ. ಕಪ್ಪುಗೆಂಪು ಅಂದರೆ ಯಕೃತ್ತು. ಅರೆಜೀರ್ಣವಾದ ಹಸಿರು ಮೇವಿನ ವಾಸನೆ ಬಂದರೆ ಹೊಟ್ಟೆ. ಕೊನೆಯ ಎರಡಕ್ಕೆ ಕೂಡಲೇ ಬೆನ್ನು ಹತ್ತಬೇಡಿ, ಹತ್ತಿದರೆ ಮೈಲಿಗಟ್ಟಲೆ ಹೋಗುತ್ತದೆ. ಜಾಡು ಹಿಡಿಯುವ ನಾಯಿ ಎರಡು ಗಂಟೆಯೊಳಗೆ ಸ್ಥಳಕ್ಕೆ ಬರುವ ವ್ಯವಸ್ಥೆ ಕಾನೂನಿನ ಪ್ರಕಾರ ಇರಲೇಬೇಕು. ಯಾರ ನಾಯಿ, ಯಾವ ನಂಬರು ಅಂತ ಬೇಟೆಗೆ ಮುಂಚೆಯೇ ಕೇಳಿಟ್ಟುಕೊಳ್ಳಿ.

ಹಳುನುಗ್ಗಿ:

ಗುರಿ ಹೊಂದಿಸುವುದೂ ಸೇರಿಸಿಬಿಡುತ್ತೇನೆ, ಇದರಲ್ಲಿ ತುಂಬಾ ಜನ ಎಡವುತ್ತಾರೆ. .308, 11.7 ಗ್ರಾಂ ತೋಟೆಯನ್ನು 100 ಮೀಟರಿನಲ್ಲಿ 4 ಸೆಂ.ಮೀ. ಮೇಲೆ ಬೀಳುವಂತೆ ಇಡಿ. 150 ಮೀಟರ್ ದಾಟುವವರೆಗೆ ಏನೂ ಲೆಕ್ಕ ಹಾಕದೆ ನೇರ ಗುರಿ ಇಡಬಹುದು. ಮೊದಲು 25 ಮೀಟರಿನಲ್ಲಿ ಕಾಗದಕ್ಕೆ ತನ್ನಿ, ಆಮೇಲೆ 100ಕ್ಕೆ. ಮೂರು ಮೂರು ಈಡಿನ ಗುಂಪು, ನಡುವೆ ನಳಿಗೆ ಕೈಗೆ ತಣ್ಣಗಾಗುವ ತನಕ ಬಿಡುವು. ಒಂದೇ ಈಡು ನೋಡಿ ಸ್ಕೋಪ್ ತಿರುಗಿಸಬೇಡಿ, ಗುಂಪಿನ ನಡುವನ್ನು ನೋಡಿ ತಿರುಗಿಸಿ. ಯುರೋಪಿನ ಸ್ಕೋಪ್‌ಗಳಲ್ಲಿ ಸಾಮಾನ್ಯವಾಗಿ ಒಂದು ಕ್ಲಿಕ್ 100 ಮೀಟರಿಗೆ 1 ಸೆಂ.ಮೀ.

ಅಭ್ಯಾಸಕ್ಕೆ ಅಗ್ಗದ ಕವಚದ ಗುಂಡು ಬಳಸಿದರೆ ತಪ್ಪಿಲ್ಲ, 80 ಮೀಟರಿನ ಓಡುವ ಮೂಸ್ ಗುರಿಯ ಮೇಲೆ ಅದನ್ನೇ ಹೊಡೆಯಿರಿ. ಆದರೆ ಬೇಟೆಯ ತೋಟೆ ಬೇರೆ ಜಾಗಕ್ಕೆ ಬೀಳುತ್ತದೆ, 5-10 ಸೆಂ.ಮೀ. ವ್ಯತ್ಯಾಸ ಮಾಮೂಲು. ಕೊನೆಯ ಹೊಂದಾಣಿಕೆ ಬೇಟೆಯ ತೋಟೆಯಲ್ಲೇ, ಬೇಟೆಗೆ ತೊಡುವ ದಪ್ಪ ಜಾಕೆಟ್ ಹಾಕಿಕೊಂಡೇ. ಜಾಕೆಟ್ ದಪ್ಪಕ್ಕೆ ಕಣ್ಣು-ಸ್ಕೋಪಿನ ಅಂತರ ಬದಲಾಗುತ್ತದೆ. 9 ಸೆಂ.ಮೀ.ಗಿಂತ ಹತ್ತಿರ ಬಂದರೆ ಒದೆತಕ್ಕೆ ಸ್ಕೋಪ್ ಬಡಿದು ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಗ್ಯಾರಂಟಿ. ಸ್ಕೋಪ್ 1-6 ಪಟ್ಟಿನದು ಸಾಕು. 12 ಪಟ್ಟು ಇಟ್ಟುಕೊಂಡು 25 ಮೀಟರಿನ ಮೂಸ್ ನೋಡಿದರೆ ಬರೀ ಕಂದು ಕೂದಲು ಕಾಣುತ್ತದೆ.

ಒಂದೇ ಲಾಟಿನ ಐದು ಪೆಟ್ಟಿಗೆ, ಅಂದರೆ 100 ತೋಟೆ, ಒಟ್ಟಿಗೆ ಕೊಳ್ಳಿ. 30 ಹೊಂದಿಸಲು ಖರ್ಚಾದರೂ ಎರಡು-ಮೂರು ವರ್ಷದ ಬೇಟೆಗೆ ಉಳಿಯುತ್ತದೆ. ಲೈಸೆನ್ಸ್ ಬರುವ ಮುಂಚೆ ಎಸ್‌ಎಸ್ 3492 (ಸ್ವೀಡನ್ನಿನ ಭದ್ರತಾ ಮಾನದಂಡ) ಗುಣಮಟ್ಟದ ಕೋವಿ ಬೀರು ಮನೆಗೆ ಬಂದಿರಲಿ, ರೈಫಲ್ ತಂದ ದಿನವೇ ಅದರೊಳಗೆ ಇಡಬೇಕಲ್ಲ.

ಮಂಜಿನೂರು:

.308, 11.7 ಗ್ರಾಂ, ಮರದ ಹಿಡಿಯ ಭಾರದ ಮಾದರಿ ಅಂತ ಅರ್ಜಿ ಹಾಕಿದ್ದೇನೆ. ತಾಮ್ರದ 10.7 ಗ್ರಾಂ ಒಂದು ಪೆಟ್ಟಿಗೆಯನ್ನೂ ತಂದು ಎರಡೂ ಎಲ್ಲಿ ಬೀಳುತ್ತವೆ ನೋಡಿ ಇಲ್ಲೇ ಹಾಕುತ್ತೇನೆ.

ಆರೂವರೆ:

ತಾಮ್ರ ಹೊಡೆಯುವ ಮುಂಚೆ ನಳಿಗೆಯಲ್ಲಿನ ಹಳೇ ಕವಚದ ಮಸಿಯನ್ನು ದ್ರಾವಕ ಹಾಕಿ ಪೂರ್ತಿ ಉಜ್ಜಿ, ಬಟ್ಟೆಗೆ ನೀಲಿ ಬಣ್ಣ ಬರುವುದು ನಿಲ್ಲುವವರೆಗೆ. ಆಮೇಲೆ 5-6 ಈಡು ಹೊಡೆದು ಬಿಟ್ಟು, ಅದರ ನಂತರದ ಗುಂಪನ್ನೇ ಲೆಕ್ಕಕ್ಕೆ ಹಿಡಿಯಿರಿ. ಕೊಳೆ ನಳಿಗೆಯಲ್ಲಿ ಹೊಡೆದು ‘ತಾಮ್ರ ಚೆದುರುತ್ತದೆ’ ಅನ್ನುವ ದೂರೇ ಹೆಚ್ಚು.